ಏಳನೆಯ ಸಾಲು

"ಗುರುಗಳೇ, ತಪ್ಪು ಗೊತ್ತಾದ ಮೇಲೆ ಅದನ್ನು ಸದ್ದಿಲ್ಲದೆ ಸರಿಮಾಡಿದರೆ ಸಾಲದೇ?"

ಕೇಳಿದವನು ಪಾಲಾಕ್ಷ. ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ, ಅಲ್ಲಿನ ಕಂಪ್ಯೂಟರ್ ಲ್ಯಾಬನ್ನೂ ನೋಡಿಕೊಳ್ಳುತ್ತಾನೆ. ಅವನಿಗೆ ಎಂ.ಎಸ್ಸಿ.ಯಿಂದ ಹಿಡಿದು ಡಾಕ್ಟರೇಟ್ ತನಕ ಪಾಠ ಹೇಳಿದ ಗುರುಗಳು ಈಗ ನಿವೃತ್ತರು. ರಜೆ ಬಂದಾಗಲೆಲ್ಲ ಅವರನ್ನು ನೋಡಿಕೊಂಡು ಹೋಗುವುದು ಅವನ ರೂಢಿ. ಈ ಸಲ ರಜೆ ಇರಲಿಲ್ಲ. ರಜೆ ಹಾಕಿ ಬಂದಿದ್ದ.

"ಏನಾಯಿತು ಹೇಳು" ಎಂದರು ಗುರುಗಳು.

ಪಾಲಾಕ್ಷ ಹೇಳಿದ. ಅವನ ಲ್ಯಾಬಿನಲ್ಲಿ ಮೂವತ್ತು ಕಂಪ್ಯೂಟರುಗಳು. ಅರ್ಧದಲ್ಲಿ ವಿಂಡೋಸ್, ಅರ್ಧದಲ್ಲಿ ಲಿನಕ್ಸ್. ಲೆಕ್ಕ ಬಿಡಿಸುವ ಸಾಫ್ಟ್‌ವೇರ್ ಎಲ್ಲದರಲ್ಲೂ ಒಂದೇ. ಆದರೂ ಹೋದ ವಾರ ತರಗತಿಯಲ್ಲಿ ಒಂದೇ ಲೆಕ್ಕಕ್ಕೆ ಎರಡು ಬಗೆಯ ಉತ್ತರ ಬಂತು. ವಿಂಡೋಸ್ ಮುಂದೆ ಕೂತವರಿಗೆ ಒಂದು, ಲಿನಕ್ಸ್ ಮುಂದೆ ಕೂತವರಿಗೆ ಇನ್ನೊಂದು. ವಿಂಡೋಸ್ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಹಾಕಿದ್ದವನು ಲ್ಯಾಬ್ ಅಸಿಸ್ಟೆಂಟ್ ಚೌಡಪ್ಪ. ಕೈಗೆ ಬಂದ ಹಾಗೆ ಹಾಕಿದ್ದೀಯ ಎಂದು ಪಾಲಾಕ್ಷ ಅವನನ್ನು ಹುಡುಗರ ಮುಂದೆಯೇ ಗದರಿದ. ಮೂರು ದಿನ ಕಳೆದ ಮೇಲೆ ನಿಜ ಗೊತ್ತಾಯಿತು. ತಪ್ಪಿದ್ದದ್ದು ಲಿನಕ್ಸ್ ಕಂಪ್ಯೂಟರುಗಳಲ್ಲಿ ಪಾಲಾಕ್ಷನೇ ಇಟ್ಟಿದ್ದ ಒಂದು ಫೈಲಿನಲ್ಲಿ. ಅದರಲ್ಲಿ ಇರಬಾರದ ಒಂದು ಸಾಲು ಇತ್ತು.

"ಆ ಸಾಲು ಎಲ್ಲಿಂದ ಬಂತು?"

"ಹಳೇದು, ಗುರುಗಳೇ. ಎಲ್ಲಿಂದಲೋ ಬಂದದ್ದು" ಎಂದ ಪಾಲಾಕ್ಷ, ನೆಲ ನೋಡುತ್ತ. "ಅಳಿಸಿಬಿಟ್ಟೆ. ಈಗ ಮೂವತ್ತರಲ್ಲೂ ಒಂದೇ ಉತ್ತರ ಬರುತ್ತೆ. ಯಾರಿಗೂ ಗೊತ್ತಾಗಿಲ್ಲ. ಇಷ್ಟು ಸಾಕಲ್ಲವೇ?"

ಗುರುಗಳು ಒಂದು ಕತೆ ಶುರುಮಾಡಿದರು.

ಒಬ್ಬ ಅಧ್ಯಾಪಕನಿದ್ದ. ಗಣಿತದವನು. ಚೆನ್ನಾಗಿ ಪಾಠ ಮಾಡುತ್ತಾನೆ ಎಂದು ಅವನಿಗೆ ಹೆಸರಿತ್ತು. ಆ ಹೆಸರು ಅವನ ಕಿವಿಗೂ ಬಿದ್ದಿತ್ತು, ಬಂದ ತೊಂದರೆಯೆಲ್ಲ ಅಲ್ಲಿಂದಲೇ.

ಅವನು ಡಾಕ್ಟರೇಟಿಗೆ ಓದುವಾಗ ಲೆಕ್ಕ ಬಿಡಿಸುವ ಸಾಫ್ಟ್‌ವೇರ್ ಆಗಷ್ಟೇ ಕೈಗೆ ಸಿಕ್ಕಿತ್ತು. ಆ ಸಾಫ್ಟ್‌ವೇರಿನ ಒಂದು ಗುಣ ನಿನಗೆ ಗೊತ್ತಿರುವುದೇ, ಆದರೂ ಕತೆಗೆ ಬೇಕು, ಹೇಳುತ್ತೇನೆ. ಅದನ್ನು ತೆರೆದಾಗ ಅದು ಎಲ್ಲಕ್ಕಿಂತ ಮೊದಲು ನಮ್ಮ ಫೋಲ್ಡರಿನಲ್ಲಿರುವ ಒಂದು ಸಣ್ಣ ಫೈಲನ್ನು ಹುಡುಕಿ ಓದುತ್ತದೆ. ಶುರುವಿನ ಫೈಲು ಅನ್ನೋಣ. ಅದರಲ್ಲಿ ನಾವು ಬರೆದಿಟ್ಟ ಸಾಲುಗಳನ್ನು ಒಂದೊಂದಾಗಿ ಪಾಲಿಸಿ, ಆಮೇಲೆ ನಮ್ಮ ಮುಂದೆ ಖಾಲಿ ಹಾಳೆ ಹಿಡಿಯುತ್ತದೆ. ಹಾಳೆ ಖಾಲಿ ಕಾಣುತ್ತದೆ, ಅಷ್ಟೆ. ಎಸರಿಗೆ ಮೊದಲೇ ಉಪ್ಪು ಹಾಕಿಟ್ಟಿದ್ದರೆ ನೋಡಿದವರಿಗೆ ಅದು ಬರೀ ನೀರು.

ಅಧ್ಯಾಪಕನೂ ಒಂದು ಶುರುವಿನ ಫೈಲು ಬರೆದುಕೊಂಡ. ಹನ್ನೊಂದು ಸಾಲು. ದಶಾಂಶದ ಮುಂದೆ ಎಷ್ಟು ಅಂಕಿ ಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ದಿನಾ ಬೇಕಾಗುವ ಸೂತ್ರಗಳು ಯಾವುವು, ಇಂಥವು. ಏಳನೆಯ ಸಾಲು ಮಾತ್ರ ಬೇರೆ ಥರದ್ದು. ಲೆಕ್ಕದಲ್ಲಿ ಸಂಖ್ಯೆಯ ಬದಲು ಬರುವ x, y ಥರದ ಎಲ್ಲ ಅಕ್ಷರಗಳನ್ನೂ ಸೊನ್ನೆಗಿಂತ ದೊಡ್ಡವು ಎಂದು ತಿಳಿ ಎಂದು ಅದು ಸಾಫ್ಟ್‌ವೇರಿಗೆ ಹೇಳುತ್ತಿತ್ತು.

ಆಗ ಅದು ತಪ್ಪಾಗಿರಲಿಲ್ಲ. ಅವನ ಪ್ರಬಂಧ ನೀರಿನ ಕೊಳವೆಗಳ ಮೇಲಿತ್ತು. ಕೊಳವೆಯ ಉದ್ದ, ಅಗಲ, ಗೋಡೆಯ ದಪ್ಪ, ಯಾವುದೂ ಸೊನ್ನೆಗಿಂತ ಕೆಳಗೆ ಇಳಿಯುವಂಥದ್ದಲ್ಲ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಮತ್ತೆ ವರ್ಗಮೂಲ ತೆಗೆದರೆ ಅದೇ ಸಂಖ್ಯೆ ಬರುತ್ತದೆ ಎಂದು ಯಾರಾದರೂ ಹೇಳಿಯಾರು. ಮೈನಸ್ ಮೂರು ಹಾಕಿ ನೋಡಿದರೆ ತಿಳಿಯುತ್ತದೆ. ಒಂಬತ್ತು ಬರುತ್ತದೆ, ಅದರ ಮೂಲ ಮೂರು. ಹೊರಟದ್ದು ಮೈನಸ್ ಮೂರರಿಂದ, ಬಂದು ಮುಟ್ಟಿದ್ದು ಮೂರಕ್ಕೆ. ಅದಕ್ಕೇ ಸಾಫ್ಟ್‌ವೇರ್ ಪ್ರತಿ ಸಲವೂ ಉತ್ತರವನ್ನು ಎರಡು ಭಾಗ ಮಾಡಿ ಕೊಡುತ್ತದೆ, ಸಂಖ್ಯೆ ಮೇಲಿದ್ದರೆ ಹೀಗೆ, ಕೆಳಗಿದ್ದರೆ ಹಾಗೆ ಎಂದು. ಕೊಳವೆಯವನಿಗೆ ಆ ಎರಡನೆಯ ಭಾಗ ದಂಡ. ಏಳನೆಯ ಸಾಲು ಬರೆದು ಅದನ್ನು ತೊಲಗಿಸಿದ. ಪಕ್ಕದಲ್ಲಿ ಒಂದು ಟಿಪ್ಪಣಿಯನ್ನೂ ಹಾಕಿದ: ಸದ್ಯಕ್ಕೆ.

ಪ್ರಬಂಧ ಮುಗಿಯಿತು. ಡಾಕ್ಟರೇಟ್ ಬಂತು. ಸದ್ಯಕ್ಕೆ ಎಂದದ್ದು ಉಳಿದುಕೊಂಡಿತು.

ಅವನದು ಲಿನಕ್ಸ್ ಕಂಪ್ಯೂಟರು. ಅದರಲ್ಲಿ ಶುರುವಿನ ಫೈಲು ಕಣ್ಣಿಗೆ ಕಾಣುವುದಿಲ್ಲ. ಅಡಗಿದ್ದನ್ನೂ ತೋರಿಸು ಎಂದು ಕೇಳಿದರೆ ಮಾತ್ರ ಕಾಣುತ್ತದೆ. ಹೊಸ ಕಂಪ್ಯೂಟರ್ ಕೊಂಡಾಗಲೆಲ್ಲ ಹಳೆಯದರಲ್ಲಿದ್ದ ಫೋಲ್ಡರನ್ನು ಇಡಿಯಾಗಿ ಎತ್ತಿ ಹೊಸದಕ್ಕೆ ಹಾಕುತ್ತಿದ್ದ. ಮನೆ ಬದಲಾಯಿಸುವಾಗ ಅಟ್ಟದ ಮೇಲಿನ ಗಂಟನ್ನು ಬಿಚ್ಚದೆ ಲಾರಿಗೆ ಹಾಕುತ್ತೇವಲ್ಲ, ಹಾಗೆ. ಫೈಲು ಅವನ ಜೊತೆಯಲ್ಲೇ ಬಂತು. ಅವನು ಅದನ್ನು ಮರೆತ.

ಈ ನಡುವೆ ಕೊಳವೆಯನ್ನು ಬಿಟ್ಟು ಕಾಲುವೆಗೆ ಬಂದಿದ್ದ. ಕಾಲುವೆಯ ನೀರಿನಲ್ಲಿ ಅಲೆ ಏಳುತ್ತದೆ, ಬೀಳುತ್ತದೆ. ನಿಂತ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಪ್ಲಸ್, ಕೆಳಗಿಳಿದರೆ ಮೈನಸ್. ಅದರ ಬಗ್ಗೆ ಅವನೊಂದು ಸೂತ್ರ ಕಂಡುಹಿಡಿದ. ನೋಡುವುದಕ್ಕೆ ಚೊಕ್ಕವಾದ ಸೂತ್ರ, ಒಂದೇ ಸಾಲಿನದು. ಒಂದು ಗಣಿತ ಪತ್ರಿಕೆಯಲ್ಲಿ ಅಚ್ಚಾಯಿತು. ಇಷ್ಟು ಚೊಕ್ಕ ಹೇಗೆ ಬಂತು ಎಂದು ಅವನು ಕೇಳಿಕೊಳ್ಳಲಿಲ್ಲ. ತನ್ನ ಬುದ್ಧಿಯಿಂದ ಬಂತು ಎಂದುಕೊಂಡ.

ಅವನ ಬಳಿ ಒಬ್ಬ ವಿದ್ಯಾರ್ಥಿನಿ ಎಂ.ಎಸ್ಸಿ. ಓದುತ್ತಿದ್ದಳು. ಮಾತು ಕಡಿಮೆ. ಮುಂದೆ ಸಂಶೋಧನೆ ಮಾಡುತ್ತೇನೆ, ನೀವೇ ಮಾರ್ಗದರ್ಶಕರಾಗಬೇಕು ಎಂದು ಮೊದಲ ವರ್ಷವೇ ಬಂದು ಕೇಳಿಕೊಂಡಿದ್ದಳು. ಅವಳಿಗೆ ತನ್ನ ಸೂತ್ರವನ್ನೇ ಕೊಟ್ಟು, ಇದನ್ನು ಮುಂದಕ್ಕೆ ಬೆಳೆಸು, ಅದೇ ನಿನ್ನ ಪ್ರಾಜೆಕ್ಟು ಎಂದ. ಅವಳು ಕೂತದ್ದು ಲ್ಯಾಬಿನ ವಿಂಡೋಸ್ ಕಂಪ್ಯೂಟರಿನ ಮುಂದೆ. ಅಲ್ಲಿ ಶುರುವಿನ ಫೈಲಿನ ಹೆಸರೇ ಬೇರೆ, ಇಡುವ ಜಾಗವೇ ಬೇರೆ. ಅಲ್ಲಿ ಯಾರೂ ಯಾವ ಫೈಲನ್ನೂ ಇಟ್ಟಿರಲಿಲ್ಲ. ಅವಳ ಮುಂದಿದ್ದ ಹಾಳೆ ನಿಜವಾಗಿಯೂ ಖಾಲಿಯಾಗಿತ್ತು.

ಒಂದು ದಿನ ಲ್ಯಾಬಿನಲ್ಲಿ ಅವಳು ಎದ್ದು ನಿಂತಳು. ಅವಳನ್ನು ಬಿಟ್ಟು ಅಲ್ಲಿ ಹತ್ತೊಂಬತ್ತು ಜನ ಇದ್ದರು.

"ಸಾರ್, ಉತ್ತರ ಎರಡು ಭಾಗ ಬರ್ತಿದೆ. ನಿಮ್ಮ ಸೂತ್ರದಲ್ಲಿ ಒಂದೇ ಇದೆ. ಕೈಯಲ್ಲಿ ಮಾಡಿದ್ರೂ ಎರಡೇ ಬರ್ತಿದೆ ಸಾರ್."

ಅಧ್ಯಾಪಕನಿಗೆ ಮುಜುಗರವಾಯಿತು. ಅಚ್ಚಾದ ಸೂತ್ರ, ಹತ್ತೊಂಬತ್ತು ಜನರ ಎದುರು. "ಇಲ್ಲಿ ಬಾ" ಎಂದ. ಅವನ ಕಂಪ್ಯೂಟರಿನ ಪರದೆ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಅವಳು ಹೇಳಿದ ಲೆಕ್ಕವನ್ನೇ ಹಾಕಿ ಗುಂಡಿ ಒತ್ತಿದ. ಒಂದೇ ಸಾಲಿನ ಉತ್ತರ ಬಂತು.

"ನೋಡಿದ್ಯಾ? ಸಿಸ್ಟಂ ಸುಳ್ಳು ಹೇಳಲ್ಲಮ್ಮ. ಸುಳ್ಳು ಹೇಳೋರು ಅದರ ಮುಂದೆ ಕೂತಿರ್ತಾರೆ."

ಇಲ್ಲಿಗೆ ಬಂದಾಗ, ಕೇಳುತ್ತಿದ್ದ ಪಾಲಾಕ್ಷ ನಕ್ಕ. ಗುರುಗಳು ನಗಲಿಲ್ಲ. ಅವನು ನಕ್ಕು ಮುಗಿಸಲಿ ಎಂದು ಕಾದು ಮುಂದುವರಿಸಿದರು.

ಅಂದೂ ಎಲ್ಲರೂ ನಕ್ಕರು. ಮೊದಲು ಮುಂದಿನ ಸಾಲಿನಲ್ಲಿ ಒಬ್ಬ, ಆಮೇಲೆ ಉಳಿದವರು. ಅಧ್ಯಾಪಕನಿಗೆ ತನ್ನ ಮಾತು ತನಗೇ ರುಚಿಸಿತು. ಹುಡುಗಿ ನೋಟ್‌ಬುಕ್ ಮುಂದೆ ಹಿಡಿದಿದ್ದಳು. ಕೈಯಲ್ಲಿ ಮಾಡಿದ ಲೆಕ್ಕ, ಒಂದೂವರೆ ಪುಟ. ಓದಿದ್ದರೆ ಹತ್ತು ನಿಮಿಷದ ಕೆಲಸ. ಅವನು ಒಂದು ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿದ. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ತರಗತಿ ಮುಗಿಯುವ ತನಕ ಏನನ್ನೂ ಒತ್ತಲಿಲ್ಲ.

ಮುಂದಿನ ವಾರ ಅವಳ ಉತ್ತರ ಒಂದೇ ಸಾಲಿನದಾಗಿತ್ತು. ಹೇಗೆ ಬಂತು ಎಂದು ಅವನು ಕೇಳಲಿಲ್ಲ. ಸಾಫ್ಟ್‌ವೇರ್ ಕೊಟ್ಟ ಎರಡನೆಯ ಭಾಗವನ್ನು ಅವಳೇ ಕೈಯಾರೆ ಅಳಿಸಿದ್ದಳು. ತಪ್ಪು ತಿದ್ದಿಕೊಂಡಳಲ್ಲ ಎಂದು ಅಧ್ಯಾಪಕ ಮೆಚ್ಚಿ ಒಳ್ಳೆಯ ಅಂಕವನ್ನೇ ಹಾಕಿದ. ಸಂಶೋಧನೆಗೆ ಅರ್ಜಿ ಹಾಕುವ ಸಮಯಕ್ಕೆ ಅವಳು ಬರಲಿಲ್ಲ. ಕಾರಿಡಾರಿನಲ್ಲಿ ಸಿಕ್ಕಾಗ ಅವನೇ ವಿಚಾರಿಸಿದ. ನನ್ನ ಕೈಲಿ ಆಗಲ್ಲ ಸಾರ್ ಎಂದಳು. ಧೈರ್ಯ ಸಾಲದ ಹುಡುಗಿ ಎಂದುಕೊಂಡು ಅವನು ತನ್ನ ಪಾಡಿಗೆ ಹೋದ.

ಆರು ವರ್ಷ ಕಳೆಯಿತು. ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದವು. ಕೆಲವು ವಿಂಡೋಸ್, ಕೆಲವು ಲಿನಕ್ಸ್, ಎರಡು ಮ್ಯಾಕ್. ಒಂದೊಂದರಲ್ಲಿ ಒಂದೊಂದು ಥರ ಆಗುತ್ತಿದೆ, ಎಲ್ಲದರಲ್ಲೂ ಒಂದೇ ವ್ಯವಸ್ಥೆ ಇರಲಿ ಎಂದು ವಿಭಾಗದ ಮುಖ್ಯಸ್ಥರು ಅಧ್ಯಾಪಕನನ್ನೇ ಕೇಳಿದರು. ಶುರುವಿನ ಫೈಲಿನ ಹೆಸರು ಯಾವ ಕಂಪ್ಯೂಟರಿನಲ್ಲಿ ಏನಿರಬೇಕು, ಯಾವ ಫೋಲ್ಡರಿನಲ್ಲಿ ಇಡಬೇಕು, ಒಳಗೆ ಏನು ಬರೆಯಬೇಕು, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ ಎಂದರು. ಅವನು ಖುಷಿಯಿಂದ ಒಪ್ಪಿದ. ಇನ್ನು ಮುಂದೆ ಎಲ್ಲರೂ ನಾನು ಮಾಡುವ ಹಾಗೇ ಮಾಡುತ್ತಾರೆ ಎಂಬ ಖುಷಿ.

ವಿಂಡೋಸಿನದು ಬರೆದ. ಮ್ಯಾಕಿನದು ಬರೆದ. ಲಿನಕ್ಸಿಗೆ ಬಂದಾಗ, ನನ್ನದೇ ಇದೆಯಲ್ಲ, ಅದನ್ನೇ ಎತ್ತಿಕೊಂಡರಾಯಿತು ಎಂದು ತನ್ನ ಫೋಲ್ಡರ್ ತೆರೆದ. ಫೈಲು ಕಾಣಲಿಲ್ಲ. ಅಡಗಿದ್ದನ್ನೂ ತೋರಿಸು ಎಂದ. ಕಂಡಿತು. ಹದಿನೈದು ವರ್ಷದ ಮೇಲೆ ಮೊದಲ ಸಲ ಅದನ್ನು ಬಿಚ್ಚಿ ಓದಿದ.

ಆರು ಸಾಲು ಓದುವಾಗ ಹಳೆಯ ಗೆಳೆಯ ಸಿಕ್ಕಿದ ಹಾಗಿತ್ತು. ಏಳನೆಯದು ಓದಿದ. ಪಕ್ಕದಲ್ಲಿದ್ದ ಸದ್ಯಕ್ಕೆ ಎಂಬುದನ್ನೂ ಓದಿದ.

ಆ ಸಾಲನ್ನು ತೆಗೆದ. ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆದ. ಕಾಲುವೆಯ ಲೆಕ್ಕ ಹಾಕಿ ಗುಂಡಿ ಒತ್ತಿದ. ಉತ್ತರ ಎರಡು ಭಾಗ ಬಂತು. ಆರು ವರ್ಷದ ಹಿಂದೆ ಒಬ್ಬಳು ಎದ್ದು ನಿಂತು ಹೇಳಿದ್ದೇ ಬಂತು.

ಆಗ ಅವನಿಗೆ ಮೊದಲು ನೆನಪಾದದ್ದು ಅವಳಲ್ಲ. ಇದನ್ನೂ ಹೇಳಬೇಕು, ಬಿಡಬಾರದು. ಮೊದಲು ಬಂದ ಯೋಚನೆ, ಅಚ್ಚಾದ ಸೂತ್ರವನ್ನು ಈ ತನಕ ಯಾರಾದರೂ ಪರೀಕ್ಷೆ ಮಾಡಿರಬಹುದೇ ಎಂಬುದು. ಎರಡನೆಯದು, ಈ ಫೈಲು ಯಾರ ಕಣ್ಣಿಗೂ ಕಾಣುವುದಿಲ್ಲ ಎಂಬುದು. ಅವಳು ನೆನಪಾದದ್ದು ಮೂರನೆಯದಾಗಿ. ಆಗಲೂ ಮುಖ ನೆನಪಾಗಲಿಲ್ಲ, ಸರಿಸಿದ ನೋಟ್‌ಬುಕ್ ನೆನಪಾಯಿತು.

ಏನು ಮಾಡಿದ ಗೊತ್ತೇ? ನೀನು ಮಾಡಿದ್ದನ್ನೇ ಮಾಡಿದ. ಸಾಲನ್ನು ಅಳಿಸಿ, ಉಳಿದ ಹತ್ತನ್ನು ಹಾಳೆಗೆ ಇಳಿಸಿ ಸುಮ್ಮನಾದ. ಹಾಳೆಯ ಕೊನೆಗೆ ಒಂದು ಬುದ್ಧಿಮಾತನ್ನೂ ಸೇರಿಸಿದ. ಫೈಲಿನಲ್ಲಿ ಏನಿದೆ ಎಂದು ಆರು ತಿಂಗಳಿಗೊಮ್ಮೆ ತೆರೆದು ನೋಡಿ, ಹಳೆಯದನ್ನು ಕುರುಡಾಗಿ ನಂಬಬೇಡಿ ಎಂದು. ಆ ಹಾಳೆಯನ್ನು ಎಲ್ಲರೂ ಹೊಗಳಿದರು. ಅದರಲ್ಲೂ ಆ ಕೊನೆಯ ಮಾತನ್ನು ಹೊಗಳಿದರು. ಪ್ರಾಂಶುಪಾಲರು ಬೇರೆ ವಿಭಾಗದವರಿಗೂ ಅದನ್ನು ಹಂಚಿಸಿದರು. ಹೊಗಳಿಕೆ ಕೇಳಿದಷ್ಟೂ ಅವನಿಗೆ ಮುಖ ಎತ್ತುವುದು ಕಷ್ಟವಾಯಿತು. ವಿನಯ ಎಂದುಕೊಂಡು ಜನ ಅದನ್ನೂ ಹೊಗಳಿದರು.

ಹೀಗೆ ಒಂದು ತಿಂಗಳು ಹೋಯಿತು. ಹೊಸ ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟ್ ವರದಿ ಹೇಗಿರಬೇಕು, ಒಂದು ಮಾದರಿ ತೋರಿಸಿ ಎಂದ. ಅಧ್ಯಾಪಕ ಗ್ರಂಥಾಲಯಕ್ಕೆ ಹೋಗಿ ಹಳೆಯ ವರದಿಗಳ ಕಪಾಟು ತೆರೆದ. ಅವಳದು ಸಿಕ್ಕಿತು. ಬೇಡ ಎಂದುಕೊಂಡರೂ ಕೈ ತೆಗೆಯಿತು. ಮೊದಲಲ್ಲೇ ಕೃತಜ್ಞತೆಯ ಪುಟ. ಅಲ್ಲಿ ಹೀಗೆ ಬರೆದಿತ್ತು: ನನ್ನ ಲೆಕ್ಕದಲ್ಲಿದ್ದ ತಪ್ಪನ್ನು ತಾಳ್ಮೆಯಿಂದ ತೋರಿಸಿಕೊಟ್ಟು ತಿದ್ದಿದ ನನ್ನ ಮಾರ್ಗದರ್ಶಕರಿಗೆ ನಾನು ಚಿರಋಣಿ.

ಅವನು ಅದನ್ನು ನಿಂತೇ ಓದಿದ. ಸರಿಯಿದ್ದವಳ ಕೈಯಲ್ಲೇ ಅವಳದು ತಪ್ಪು ಎಂದು ಬರೆಸಿದ್ದೆ, ಮೇಲೆ ಅದಕ್ಕೆ ಕೃತಜ್ಞತೆಯನ್ನೂ ಪಡೆದಿದ್ದೆ ಎಂದು ಅವನಿಗೆ ಅನಿಸಿತು. ಫೈಲಿನ ಸಾಲು ಅಳಿಸಿತ್ತು. ಈ ಸಾಲು ಕಪಾಟಿನಲ್ಲಿ ಹಾಗೇ ಇತ್ತು, ಬೇಕಾದವರು ತೆಗೆದು ಓದಬಹುದಿತ್ತು. ಅಷ್ಟು ನಾಚಿಕೆಯನ್ನು ಅವನು ತನ್ನ ಜೀವಮಾನದಲ್ಲಿ ಪಟ್ಟಿರಲಿಲ್ಲ. ವರದಿಯನ್ನು ಹಿಂದಿಟ್ಟು, ಕಪಾಟಿನ ಬಾಗಿಲು ಹಾಕಿ, ಗ್ರಂಥಪಾಲಕನಿಗೆ ಕಾಣದ ಕಡೆ ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಬಂದ.

ಅವಳು ಬೇರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದಾಳೆ ಎಂದು ತಿಳಿಯಿತು. ಬಸ್ ಹಿಡಿದು ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಮೂರು ವಾಕ್ಯ, ಅಷ್ಟೆ.

ಟೀಚರುಗಳ ಕೋಣೆಯಲ್ಲಿ ಅವನನ್ನು ನೋಡಿ ಅವಳು ಗಡಬಡಿಸಿ ಎದ್ದಳು. ತನ್ನ ಕುರ್ಚಿಯನ್ನೇ ಒರೆಸಿ ಕೂರಿಸಿದಳು. ಟೀ ತರಿಸಿದಳು. ಅಲ್ಲಿ ಇನ್ನೂ ಏಳೆಂಟು ಜನ ಟೀಚರುಗಳಿದ್ದರು. ಅವರಿಗೆಲ್ಲ ಪರಿಚಯ ಮಾಡಿಕೊಟ್ಟಳು.

"ಇವರೇ ನಮ್ಮ ಸಾರ್. ನನ್ನ ತಪ್ಪು ತಿದ್ದಿದೋರು ಅಂತ ಹೇಳ್ತಿದ್ನಲ್ಲ, ಇವರೇ."

ಎಲ್ಲರೂ ಕೈ ಮುಗಿದರು. ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಮೂರು ವಾಕ್ಯ ಬಾಯ ತನಕ ಬಂದವು. ಅಧ್ಯಾಪಕ ತಾನೂ ಕೈ ಮುಗಿದು, ನಗುವಂತೆ ಮುಖ ಮಾಡಿ, ಟೀ ಕುಡಿದ. ನಿನಗೊಂದು ಮಾತು ಹೇಳುತ್ತೇನೆ, ಪಾಲಾಕ್ಷ. ಬೈಯುವಾಗ ಅವನಿಗೆ ಜನ ಬೇಕಿತ್ತು. ಇದನ್ನು ಹೇಳುವುದಕ್ಕೆ ಜನ ಇಲ್ಲದ ಜಾಗ ಹುಡುಕಿದ.

ಅವಳು ಬಿಡಲಿಕ್ಕೆ ಗೇಟಿನ ತನಕ ಬಂದಳು. ಅಲ್ಲಿ ಹೇಳಿದ. ಫೈಲು, ಏಳನೆಯ ಸಾಲು, ಎಲ್ಲ ಹೇಳಿದ. ನಿನ್ನದೇ ಸರಿಯಿತ್ತು, ನನ್ನದೇ ತಪ್ಪು, ನನ್ನನ್ನು ಕ್ಷಮಿಸಮ್ಮ ಎಂದ.

ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಗೇಟಿನ ಚಿಲಕ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಹೇಳಿದಳು:

"ಈಗ್ಲೂ ಬೋರ್ಡ್ ಮೇಲೆ ಉತ್ತರ ಬರೆಯೋಕೆ ಮುಂಚೆ ಪುಸ್ತಕದ ಕೊನೇ ಪುಟ ತೆಗೆದು ನೋಡ್ತೀನಿ ಸಾರ್. ಎಂಟನೇ ಕ್ಲಾಸಿನ ಲೆಕ್ಕಕ್ಕೂ ನೋಡ್ತೀನಿ. ಮಕ್ಕಳಿಗೆ ಗೊತ್ತಾಗ್ದ ಹಾಗೆ."

ಅಧ್ಯಾಪಕ ಮತ್ತೆ ಕ್ಷಮೆ ಕೇಳಹೋದ, ಅವಳು ತಡೆದಳು.

"ನೀವು ಇಷ್ಟು ದೂರ ಬಂದು ನಂಗೆ ಹೇಳಿದ್ರಿ. ನಂಗೆ ಅಷ್ಟು ಸಾಕು" ಎಂದಳು. "ಆದ್ರೆ ಅವತ್ತು ನಕ್ಕೋರಿಗೆ ಇದು ಗೊತ್ತಿಲ್ವಲ್ಲ ಸಾರ್. ನನ್ನ ಮದುವೆಗೆ ಇಬ್ರು ಬಂದಿದ್ರು. ಊಟದ ಪಂಕ್ತೀಲಿ ನಮ್ಮ ಅತ್ತೆ ಮನೆಯವರ ಎದುರಿಗೆ ಅದೇ ಮಾತು ಹೇಳ್ಕೊಂಡು ನಕ್ರು. ಸಿಸ್ಟಂ ಸುಳ್ಳು ಹೇಳಲ್ಲ ಅನ್ನೋದು. ನಾನೂ ನಕ್ಕೆ. ಇನ್ನೇನು ಮಾಡಲಿ."

ಗಂಟೆ ಹೊಡೆಯಿತು. ತರಗತಿ ಇದೆ ಎಂದು ಅವಳು ಒಳಗೆ ಹೋದಳು.

ಅಧ್ಯಾಪಕ ಊರಿಗೆ ಬಂದು ಮೊದಲು ಪತ್ರಿಕೆಗೆ ಬರೆದ. ಸೂತ್ರ ತಪ್ಪು, ಸರಿಯಾದದ್ದು ಇದು, ಕಂಡುಹಿಡಿದವಳು ಇವಳು ಎಂದು. ಅರ್ಧ ಪುಟದಲ್ಲಿ ಅದು ಅಚ್ಚಾಯಿತು, ಯಾರೂ ಓದಲಿಲ್ಲ. ಗ್ರಂಥಾಲಯದ ವರದಿಗೂ ಒಂದು ಹಾಳೆ ಅಂಟಿಸಿದ. ಅವೆರಡೂ ಸುಲಭದ ಕೆಲಸ, ಕಾಗದಕ್ಕೆ ಕಣ್ಣಿಲ್ಲ. ಆಮೇಲೆ ಹಳೆಯ ಹಾಜರಿ ಪುಸ್ತಕ ತೆಗೆದು ಅಂದು ಲ್ಯಾಬಿನಲ್ಲಿದ್ದ ಹತ್ತೊಂಬತ್ತು ಜನರ ಹೆಸರು ಬರೆದುಕೊಂಡ. ಫೋನ್ ಮಾಡಬಾರದು, ಮುಖ ನೋಡಿಯೇ ಹೇಳಬೇಕು ಎಂದು ತೀರ್ಮಾನಿಸಿದ.

ಒಬ್ಬ ಬ್ಯಾಂಕಿನಲ್ಲಿದ್ದ. ಅವನಿಗೆ ಆ ದಿನದ ನೆನಪೇ ಇರಲಿಲ್ಲ. ಒಬ್ಬಳು ಕೇಳಿ, ಪಾಪ ಎಂದಳು, ಯಾರಿಗೆ ಪಾಪ ಎಂದಳೋ ತಿಳಿಯಲಿಲ್ಲ. ಒಬ್ಬ, ಇದಕ್ಕೋಸ್ಕರ ಬಂದ್ರಾ ಸಾರ್ ಎಂದು ಆಶ್ಚರ್ಯಪಟ್ಟು ಊಟ ಮಾಡಿಸಿ ಕಳಿಸಿದ. ಮದುವೆಯಲ್ಲಿ ನಕ್ಕವರಲ್ಲಿ ಒಬ್ಬ ತಲೆ ಬಗ್ಗಿಸಿ ಕೂತ, ಆಮೇಲೆ ಅವಳ ಫೋನ್ ನಂಬರ್ ಕೇಳಿ ತೆಗೆದುಕೊಂಡ. ಇನ್ನೊಬ್ಬ, ನೀವೇ ಹೀಗಂದ್ರೆ ನಾವು ಯಾರನ್ನು ನಂಬೋದು ಸಾರ್ ಎಂದು ಮುಖ ತಿರುಗಿಸಿದ. ಹೇಳುತ್ತ ಹೇಳುತ್ತ ಅಭ್ಯಾಸವಾಗುತ್ತದೆ, ನಾಚಿಕೆ ಕಡಿಮೆಯಾಗುತ್ತದೆ ಎಂದು ಅಧ್ಯಾಪಕ ಎಣಿಸಿದ್ದ. ಆಗಲಿಲ್ಲ. ಪ್ರತಿ ಮನೆಯ ಬಾಗಿಲಲ್ಲೂ ಅದು ಹೊಸದಾಗಿಯೇ ಇತ್ತು.

ಒಂದು ವರ್ಷದಲ್ಲಿ ಹದಿನೆಂಟು ಜನ ಮುಗಿದರು. ಒಬ್ಬ ಉಳಿದ.

ಅವನು ದೂರದವನಲ್ಲ. ಎಲ್ಲರಿಗಿಂತ ಹತ್ತಿರದವನು. ಅವಳು ಬಿಟ್ಟ ಜಾಗದಲ್ಲಿ ಅಧ್ಯಾಪಕನ ಬಳಿ ಸಂಶೋಧನೆಗೆ ಸೇರಿ, ಡಾಕ್ಟರೇಟ್ ಮುಗಿಸಿ, ಕೆಲಸ ಸಿಕ್ಕಿ ಹೊರಡುವಾಗ, ನಿಮ್ಮ ಶುರುವಿನ ಫೈಲು ಕೊಡಿ ಎಂದು ಕೇಳಿ ಪೆನ್ ಡ್ರೈವಿಗೆ ಹಾಕಿಸಿಕೊಂಡು ಹೋಗಿದ್ದ. ಅಧ್ಯಾಪಕ ಅದನ್ನು ತೆರೆದು ಓದುವುದಕ್ಕೆ ಒಂದು ವರ್ಷ ಮೊದಲು. ಹನ್ನೊಂದು ಸಾಲೂ ಅವನ ಜೊತೆ ಹೋದವು. ಎಲ್ಲರಿಗಿಂತ ಮೊದಲು ಹೇಳಬೇಕಾದದ್ದು ಅವನಿಗೆ. ಪ್ರತಿ ರಜೆಯಲ್ಲೂ ಅವನು ನೋಡಲು ಬರುತ್ತಿದ್ದ, ಪ್ರತಿ ಸಲವೂ ಅಧ್ಯಾಪಕ ಬೇರೇನೋ ಮಾತಾಡಿ ಕಳಿಸುತ್ತಿದ್ದ. ಆ ಸಾಲು ಎಷ್ಟು ಕಂಪ್ಯೂಟರಿಗೆ ಹೋಗಿದೆ, ಅದರಿಂದಾಗಿ ಎಲ್ಲಿ ಯಾರು ಬೈಸಿಕೊಂಡರು ಎಂದು ಅಧ್ಯಾಪಕನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇವತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅವನೊಬ್ಬನಿಗೆ ಯಾಕೆ ಹೇಳಲಿಲ್ಲ?" ಎಂದು ಪಾಲಾಕ್ಷ ಕೇಳಿದ. ದನಿ ಇಳಿದಿತ್ತು.

"ಉಳಿದ ಹದಿನೆಂಟು ಜನ ನನ್ನನ್ನು ಸಾರ್ ಎನ್ನುತ್ತಿದ್ದರು, ಗುರುಗಳೇ ಎನ್ನುತ್ತಿದ್ದವನು ನೀನೊಬ್ಬನೇ" ಎಂದರು ಗುರುಗಳು.